ಶಾಲಾ ಬೀದಿಗಳ ವೇಗ ತಗ್ಗಿಸುವ ಚಳವಳಿ

ಶಾಲೆಗೆ ಹೋಗಿಬರುವ ಮಕ್ಕಳನ್ನು ವಾಹನಗಳ ಹೊಡೆತದಿಂದ ಕಾಪಾಡಲು ಆಯಾ ಬೀದಿಯ ನಿವಾಸಿಗಳು, ತಂದೆತಾಯಿಗಳು, ಕೆಲವೆಡೆ ಮಕ್ಕಳೇ ಮುಂದಾಗಿ ನಡೆಸಿದ ನಾಗರಿಕ ಚಳವಳಿ. ರಸ್ತೆಯ ರೂಪವನ್ನೇ ಬದಲಿಸಿ, ಓಡಿಸುವವನಿಗೆ ಇಷ್ಟವಿರಲಿ ಇಲ್ಲದಿರಲಿ, ವಾಹನ ನಿಧಾನವಾಗುವಂತೆ ಮಾಡುವುದು ಇದರ ಮೂಲ ಬೇಡಿಕೆ. ಹಂಪ್ ಹಾಕುವುದು, ದಾಟುವ ಜಾಗವನ್ನು ಫುಟ್‌ಪಾತ್ ಮಟ್ಟಕ್ಕೆ ಎತ್ತರಿಸುವುದು, ನೇರ ರಸ್ತೆಗೆ ಬಾಗು ಕೊಡುವುದು, ಅಗಲ ಕಿರಿದು ಮಾಡುವುದು, ಒಳದಾರಿಯಾಗಿ ನುಗ್ಗುವ ವಾಹನಗಳಿಗೆ ಬೀದಿಯ ಒಂದು ಬಾಯಿ ಮುಚ್ಚುವುದು, ಶಾಲೆಯ ಗಂಟೆ ಹೊಡೆಯುವ ಹೊತ್ತಿಗೆ ವಾಹನಗಳನ್ನೇ ತಡೆಯುವುದು ಇದರ ಮುಖ್ಯ ವಿಧಾನಗಳು. ಈ ಬೇಡಿಕೆ ಒಂದು ರಾಷ್ಟ್ರದ ಕಾನೂನನ್ನೇ ಬದಲಿಸುವಷ್ಟು ಬಲ ಪಡೆದದ್ದು 1970ರ ದಶಕದ ನೆದರ್‌ಲ್ಯಾಂಡ್ಸ್‌ನಲ್ಲಿ. ಆದ್ದರಿಂದ ಈ ಲೇಖನದ ಹೆಚ್ಚಿನ ಭಾಗ ಆ ದೇಶದ ಕುರಿತಾದದ್ದು.

ಚಳವಳಿ ವೇಗದ ಮೇಲೆಯೇ ಏಕೆ ಕಣ್ಣಿಟ್ಟಿತು ಎಂಬುದಕ್ಕೆ ಸರಳ ಲೆಕ್ಕವೊಂದು ಉತ್ತರ ಕೊಡುತ್ತದೆ. ಗಂಟೆಗೆ 50 ಕಿ.ಮೀ. ವೇಗದ ಕಾರು ಒಂದು ಸೆಕೆಂಡಿನಲ್ಲಿ ಸುಮಾರು 14 ಮೀಟರ್ ಸಾಗುತ್ತದೆ. ಮಗು ಅಡ್ಡ ಬಂದದ್ದು ಕಂಡು ಚಾಲಕನ ಕಾಲು ಬ್ರೇಕ್ ಮುಟ್ಟಲು ಒಂದು ಸೆಕೆಂಡು ಬೇಕಾದರೆ, ಬ್ರೇಕ್ ಹಿಡಿಯುವ ಮೊದಲೇ ಆ 14 ಮೀಟರ್ ಕಳೆದುಹೋಗಿರುತ್ತದೆ. ಒಣ ರಸ್ತೆಯಲ್ಲಿ ಅದು ಪೂರ್ತಿ ನಿಲ್ಲುವಾಗ ಸುಮಾರು 28 ಮೀಟರ್ ಮುಂದೆ ಬಂದಿರುತ್ತದೆ. ಅದೇ ಕಾರು 30 ಕಿ.ಮೀ. ವೇಗದಲ್ಲಿದ್ದರೆ ಸುಮಾರು 13 ಮೀಟರಿನಲ್ಲೇ ನಿಲ್ಲುತ್ತದೆ. ಹೀಗೆ ನಿಧಾನದ ಕಾರು ಮಗುವಿನ ಮುಂದೆ ನಿಂತಿರುವ ಜಾಗದಲ್ಲಿ ವೇಗದ ಕಾರು ಇನ್ನೂ ಬ್ರೇಕನ್ನೇ ಹಿಡಿದಿರುವುದಿಲ್ಲ. ಆರೇಳು ವರ್ಷದ ಮಗು ಎದುರಿಗೆ ಬರುವ ವಾಹನದ ದೂರವನ್ನೂ ವೇಗವನ್ನೂ ದೊಡ್ಡವರಂತೆ ಅಳೆಯಲಾರದು. ಆ ಶಕ್ತಿ ಬೆಳೆಯಲು ವಯಸ್ಸಾಗಬೇಕು, ಪಾಠ ಹೇಳಿಕೊಟ್ಟು ಅದನ್ನು ಬೇಗ ತರಿಸಲಾಗದು.

ಹಿನ್ನೆಲೆ

ಮೋಟಾರು ಬರುವ ಮೊದಲು ಬೀದಿ ಎಲ್ಲರದಾಗಿತ್ತು. ಮಾರುವವರು, ಹರಟುವವರು, ಆಡುವ ಮಕ್ಕಳು, ಗಾಡಿಗಳು ಒಂದೇ ಜಾಗವನ್ನು ಹಂಚಿಕೊಂಡಿದ್ದರು. ಅಮೆರಿಕದ ನಗರಗಳಲ್ಲಿ 1920ರ ಹೊತ್ತಿಗೆ ಕಾರುಗಳಿಗೆ ಸಿಕ್ಕಿ ಸಾಯುವವರಲ್ಲಿ ಮಕ್ಕಳೇ ಬಹಳ ಇದ್ದರು, ಜನರ ಸಿಟ್ಟು ಕಾರಿನವರ ಮೇಲೆಯೇ ಇತ್ತು. 1923ರಲ್ಲಿ ಸಿನ್ಸಿನಾಟಿ ನಗರದ 42,000 ಮಂದಿ ಒಂದು ಮನವಿಗೆ ಸಹಿ ಹಾಕಿದರು: ನಗರದ ಪ್ರತಿ ಕಾರಿಗೂ ಗಂಟೆಗೆ 25 ಮೈಲಿ ಮೀರದಂತೆ ಯಂತ್ರವೊಂದನ್ನು ಕಡ್ಡಾಯವಾಗಿ ಅಳವಡಿಸಬೇಕು. ಕಾರು ಮಾರಾಟಗಾರರೂ ಮೋಟಾರು ಕ್ಲಬ್ಬುಗಳೂ ಇದರ ವಿರುದ್ಧ ಭಾರಿ ಪ್ರಚಾರ ನಡೆಸಿದವು. ಆ ನವೆಂಬರಿನ ಮತದಾನದಲ್ಲಿ ಪ್ರಸ್ತಾಪ ಬಿದ್ದುಹೋಯಿತು.

ಆ ಸೋಲಿನ ನಂತರದ ದಶಕಗಳಲ್ಲಿ ಹೊಣೆ ಮೆಲ್ಲಗೆ ಚಾಲಕನ ಹೆಗಲಿನಿಂದ ಮಗುವಿನ ಹೆಗಲಿಗೆ ಜಾರಿತು. ಅಮೆರಿಕದ ಮೋಟಾರು ಕ್ಲಬ್ಬುಗಳು ಶಾಲೆಗಳಲ್ಲಿ ವಿದ್ಯಾರ್ಥಿ ಕಾವಲು ಪಡೆಗಳನ್ನು ಕಟ್ಟಿಸಿದವು. ರಸ್ತೆ ವಾಹನದ್ದು, ದಾಟುವವನು ಎಚ್ಚರವಾಗಿರಬೇಕು ಎಂಬುದು ಪಾಠವಾಯಿತು. ಬ್ರಿಟನ್ ಕೊಂಚ ಬೇರೆ ದಾರಿ ಹಿಡಿಯಿತು. ಅಲ್ಲಿ 1938ರಲ್ಲಿ ಬಂದ ಬೀದಿ ಆಟದ ಮೈದಾನಗಳ ಕಾಯ್ದೆಯು ಸ್ಥಳೀಯ ಸಂಸ್ಥೆಗಳಿಗೆ ಬೀದಿಗಳನ್ನು ವಾಹನಗಳಿಗೆ ಮುಚ್ಚಿ ಮಕ್ಕಳ ಆಟಕ್ಕೆ ಬಿಡುವ ಅಧಿಕಾರ ಕೊಟ್ಟಿತು. 1953ರ ಇನ್ನೊಂದು ಕಾಯ್ದೆ ಶಾಲೆಯ ಬಳಿ ಕೋಲಿನ ತುದಿಗೆ ದುಂಡು ಫಲಕ ಹಿಡಿದು ವಾಹನ ನಿಲ್ಲಿಸುವ ಕಾವಲುಗಾರರಿಗೆ ಕಾನೂನಿನ ಬಲ ನೀಡಿತು. ಕಾರುಗಳು ಹೆಚ್ಚಿದಂತೆ ಆಟದ ಬೀದಿಗಳು ಒಂದೊಂದಾಗಿ ಕರಗಿದವು. ಕೋಲು ಹಿಡಿದ ಕಾವಲುಗಾರರು ಉಳಿದುಕೊಂಡರು.

ನೆದರ್‌ಲ್ಯಾಂಡ್ಸ್: 1971ರಿಂದ 1976

ಇಂದು ನೆದರ್‌ಲ್ಯಾಂಡ್ಸ್ ಎಂದೊಡನೆ ಸೈಕಲ್ ನೆನಪಾಗುತ್ತದೆ. ಅದು ಆ ದೇಶದ ಸಹಜ ಗುಣ ಎಂದು ಹಲವರು ನಂಬಿದ್ದಾರೆ. 1960ರ ದಶಕದ ಚಿತ್ರ ಬೇರೆಯೇ ಇತ್ತು. 1960ರಲ್ಲಿ ಆ ದೇಶದಲ್ಲಿ ಸುಮಾರು 5 ಲಕ್ಷ ಕಾರುಗಳಿದ್ದವು, 1970ಕ್ಕೆ ಅವು 24 ಲಕ್ಷ ದಾಟಿದ್ದವು. ಹಳೆಯ ನಗರಗಳ ಇಕ್ಕಟ್ಟಿನ ಬೀದಿಗಳಲ್ಲಿ ಕಾರು ನಿಲ್ಲಿಸಲು ಚೌಕಗಳನ್ನು ಕಬಳಿಸಲಾಯಿತು, ಕಾಲುವೆಗಳನ್ನು ಮುಚ್ಚಲಾಯಿತು, ಸೈಕಲ್ ದಾರಿಗಳನ್ನು ಕಿತ್ತುಹಾಕಲಾಯಿತು. 1971ರಲ್ಲಿ ಕೇವಲ 1 ಕೋಟಿ 30 ಲಕ್ಷ ಜನಸಂಖ್ಯೆಯ ಆ ದೇಶದ ರಸ್ತೆಗಳಲ್ಲಿ 3,000ಕ್ಕೂ ಹೆಚ್ಚು ಮಂದಿ ಸತ್ತರು. ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ದಿನಕ್ಕೊಂದು ಮಗುವಿಗಿಂತ ಹೆಚ್ಚು.

ಆ ದೇಶದ ರಸ್ತೆ ಸುರಕ್ಷತಾ ಸಂಸ್ಥೆ 1930ರ ದಶಕದಿಂದಲೇ ಶಾಲಾ ಮಕ್ಕಳಿಗೆ ಸಂಚಾರ ಪರೀಕ್ಷೆ ನಡೆಸುತ್ತ ಬಂದಿತ್ತು. ನಿಯಮ ಕಲಿತು, ಪರೀಕ್ಷೆ ಪಾಸು ಮಾಡಿ, ಪ್ರಮಾಣಪತ್ರ ಪಡೆದ ಮಕ್ಕಳ ನಾಡಿನಲ್ಲೇ ಸಾವು ಈ ಮಟ್ಟ ಮುಟ್ಟಿತ್ತು. ಮಕ್ಕಳಿಗೆ ಪಾಠ ಬೇಡವೆಂದು ಯಾರೂ ಹೇಳಲಿಲ್ಲ. ಆದರೆ ಕಲಿಯಬೇಕಾದವರು ಮಕ್ಕಳು ಮಾತ್ರವೇ ಎಂಬ ಪ್ರಶ್ನೆ ಇಲ್ಲಿಂದ ಎದ್ದಿತು.

ಅದನ್ನು ಗಟ್ಟಿಯಾಗಿ ಕೇಳಿದವರು 'ಡೆ ಟೈಡ್' ಪತ್ರಿಕೆಯ ಪತ್ರಕರ್ತ ವಿಕ್ ಲಾಂಗೆನ್‌ಹೋಫ್. ಅವರ ಆರು ವರ್ಷದ ಮಗಳು 1971ರಲ್ಲಿ ಶಾಲೆಯ ದಾರಿಯಲ್ಲಿ ಕಾರಿಗೆ ಸಿಕ್ಕಿ ತೀರಿಕೊಂಡಿದ್ದಳು. ಮಾರನೇ ವರ್ಷ ಅವರು ತಮ್ಮ ಪತ್ರಿಕೆಯಲ್ಲಿ ಲೇಖನವೊಂದನ್ನು ಬರೆದರು. ಅದರ ತಲೆಬರಹ 'ಸ್ಟಾಪ್ ಡೆ ಕಿಂಡರ್‌ಮೋರ್ಡ್', ಅಂದರೆ ಮಕ್ಕಳ ಕೊಲೆ ನಿಲ್ಲಿಸಿ. ಅಪಘಾತ ಎಂದು ಎಲ್ಲರೂ ಕರೆಯುತ್ತಿದ್ದುದನ್ನು ಅವರು ಕೊಲೆ ಎಂದರು. ಹೆತ್ತವರ ಒತ್ತಾಯ ಗುಂಪೊಂದನ್ನು ಕಟ್ಟಬೇಕೆಂದು ಕರೆ ಕೊಟ್ಟರು. ಅದೇ ಹೆಸರಿನ ಸಂಘಟನೆ ಹುಟ್ಟಿತು, ದೇಶದುದ್ದಕ್ಕೂ ಸ್ಥಳೀಯ ಗುಂಪುಗಳು ಎದ್ದುನಿಂತವು. ಅದರ ಮೊದಲ ಅಧ್ಯಕ್ಷೆ ಮಾರ್ಟ್ಯೆ ಫಾನ್ ಪುಟ್ಟೆನ್. ಆಗ ಆಮ್‌ಸ್ಟರ್‌ಡಾಂನಲ್ಲಿದ್ದ ಎಳೆಯ ತಾಯಿ. ಮುಂದೆ ಯುರೋಪಿನ ಸಂಸತ್ತಿನ ಸದಸ್ಯೆಯಾದರು.

ಈ ಸಂಘಟನೆ ಕೆಲಸ ಮಾಡಿದ ರೀತಿಯನ್ನು ಕೊಂಚ ವಿವರವಾಗಿ ನೋಡಬೇಕು. ಅಪಘಾತ ನಡೆದ ಜಾಗಗಳನ್ನು ಸದಸ್ಯರು ಆಕ್ರಮಿಸಿದರು. ದಿನಗಳನ್ನು ಗೊತ್ತುಮಾಡಿ ಬೀದಿಗಳನ್ನು ಮುಚ್ಚಿ ಮಕ್ಕಳನ್ನು ಆಡಲು ಬಿಟ್ಟರು. ಮೇಜುಗಳನ್ನು ಹೊರಗೆ ತಂದು ಬೀದಿಯವರೆಲ್ಲ ಕೂಡಿ ಊಟ ಮಾಡಿದರು. ಪೊಲೀಸರು ಇದಕ್ಕೆ ನೆರವಾದರೆಂದು ಫಾನ್ ಪುಟ್ಟೆನ್ ಮುಂದೆ ನೆನಪಿಸಿಕೊಂಡಿದ್ದಾರೆ. ಪ್ರಧಾನಿ ಯೋಪ್ ಡೆನ್ ಔಲ್ ಅವರ ಮನೆಗೆ ಸೈಕಲ್ಲಿನಲ್ಲೇ ಹೋಗಿ, ಹಾಡು ಹೇಳಿ, ಮಕ್ಕಳಿಗೆ ಸುರಕ್ಷಿತ ಬೀದಿ ಕೇಳಿದರು. ಪ್ರಧಾನಿ ಹೊರಗೆ ಬಂದು ಆಲಿಸಿದರು. ಸರ್ಕಾರ ಈ ಗುಂಪಿಗೆ ಸಹಾಯಧನ ಕೊಟ್ಟಿತು. ತನ್ನನ್ನೇ ಟೀಕಿಸುವವರಿಗೆ ಕೆಲಸ ಮಾಡಲು ಹಣ ಕೊಡುವ ಆ ನಡೆ ಈ ಚರಿತ್ರೆಯ ಮುಖ್ಯ ತಿರುವು ಎನ್ನಬೇಕು. ಏಕೆಂದರೆ ಗುಂಪು ಬರೀ ಘೋಷಣೆ ಕೂಗುವ ಮಟ್ಟದಲ್ಲಿ ಉಳಿಯದೆ, ಬೀದಿಗಳನ್ನು ಹೇಗೆ ತಿದ್ದಬಹುದೆಂಬ ನಕ್ಷೆಗಳನ್ನು ಸಿದ್ಧಪಡಿಸತೊಡಗಿತು.

ಆ ಲೇಖನ ಬಂದ 1972ರಲ್ಲೇ ಆಮ್‌ಸ್ಟರ್‌ಡಾಂನ ಡೆ ಪೈಪ್ ಬಡಾವಣೆಯ ಮಕ್ಕಳ ಹೋರಾಟ ಸಾಕ್ಷ್ಯಚಿತ್ರವಾಗಿ ಟೆಲಿವಿಷನ್ನಿನಲ್ಲಿ ಬಂದು ದೇಶದ ಗಮನ ಸೆಳೆಯಿತು. ಹತ್ತೊಂಬತ್ತನೇ ಶತಮಾನದಲ್ಲಿ ದುಡಿಯುವ ವರ್ಗಕ್ಕಾಗಿ ಕಟ್ಟಿದ ಈ ಬಡಾವಣೆಯ ಮನೆಗಳು ಇಕ್ಕಟ್ಟು, ಬೀದಿಗಳು ಕಿರಿದು, ಎರಡೂ ಬದಿಗೆ ಕಾರುಗಳ ಸಾಲು. ಆಡಲು ಜಾಗವೇ ಇರಲಿಲ್ಲ. ಮಕ್ಕಳು ಮನೆಮನೆಗೆ ಹೋಗಿ ಸಹಿ ಸಂಗ್ರಹಿಸಿದರು, ನಗರಾಡಳಿತದವರನ್ನು ಕಂಡು ಮಾತಾಡಿದರು, ಕೊನೆಗೆ ತಾವೇ ಅಡ್ಡಗಟ್ಟೆ ಇಟ್ಟು ಬೀದಿ ಮುಚ್ಚಿದರು. ಸಿಟ್ಟಿಗೆದ್ದ ಚಾಲಕರು ಕಾರಿಳಿದು ಬಂದು ಅಡ್ಡಗಟ್ಟೆ ಎಳೆದಾಡಿದ್ದೂ ಆ ಚಿತ್ರದಲ್ಲಿ ದಾಖಲಾಗಿದೆ. ಅದೇ ಡೆ ಪೈಪ್‌ನ ಫ್ರಾನ್ಸ್ ಹಾಲ್ಸ್ ಭಾಗದಲ್ಲಿ ಇತ್ತೀಚಿನ ವರ್ಷಗಳಲ್ಲಿ ನೂರಾರು ಕಾರು ನಿಲ್ಲಿಸುವ ಜಾಗಗಳನ್ನು ತೆಗೆದು ಗಿಡಗಳಿಗೂ ನಡೆಯುವವರಿಗೂ ಬಿಟ್ಟುಕೊಡಲಾಗಿದೆ.

1973ರ ತೈಲ ಬಿಕ್ಕಟ್ಟು ಚಳವಳಿಗೆ ಎಣಿಸದೆ ಬಂದ ಬಲವಾಯಿತು. ಇಂಧನ ಉಳಿಸಲು ಸರ್ಕಾರ ಆ ವರ್ಷದ ನವೆಂಬರ್ 4ರಿಂದ 1974ರ ಜನವರಿಯವರೆಗೆ ಭಾನುವಾರಗಳಂದು ಕಾರು ಓಡಿಸುವುದನ್ನೇ ನಿಷೇಧಿಸಿತು. ಹೆದ್ದಾರಿಗಳ ಮೇಲೆ ಮಕ್ಕಳು ಸೈಕಲ್ ಹೊಡೆದರು, ಸ್ಕೇಟ್ ಮಾಡಿದರು. ಬೀದಿಯಲ್ಲಿ ಕಾರಿಲ್ಲದಿದ್ದರೆ ಹೇಗಿರುತ್ತದೆಂದು ಒಂದಿಡೀ ದೇಶ ಕಣ್ಣಾರೆ ಕಂಡಿತು. 1975ರಲ್ಲಿ ಸೈಕಲ್ ಸವಾರರ ಸಂಘಟನೆಯೂ ಹುಟ್ಟಿ, ಎರಡೂ ಗುಂಪುಗಳ ಬೇಡಿಕೆ ಒಂದಕ್ಕೊಂದು ಕೂಡಿಕೊಂಡಿತು.

ವೋನ್‌ಎರ್ಫ್ ಮತ್ತು ಕಾನೂನು

ಬೀದಿಗಿಳಿದ ಹೆತ್ತವರ ಅದೃಷ್ಟಕ್ಕೆ, ಏನು ಮಾಡಬೇಕೆಂಬ ಉತ್ತರ ಕೆಲವು ಎಂಜಿನಿಯರುಗಳ ಬಳಿ ಆಗಲೇ ಇತ್ತು. ನಗರ ಯೋಜಕ ನೀಕ್ ಡೆ ಬೂರ್ 1960ರ ದಶಕದಲ್ಲಿ ಎಮ್ಮೆನ್ ಪಟ್ಟಣದ ಹೊಸ ಬಡಾವಣೆಗಳಿಗಾಗಿ 'ವೋನ್‌ಎರ್ಫ್' ಎಂಬ ಕಲ್ಪನೆಯನ್ನು ರೂಪಿಸಿದ್ದರು. ಮನೆಯ ಮುಂದಿನ ಬೀದಿ ಅಂಗಳವಿದ್ದ ಹಾಗೆ, ಅಲ್ಲಿಗೆ ಬರುವ ಕಾರು ಅತಿಥಿ ಎಂಬುದು ಅದರ ತಿರುಳು. ಡೆಲ್ಫ್ಟ್ ನಗರಪಾಲಿಕೆಯ ಎಂಜಿನಿಯರ್ ಯೋಸ್ಟ್ ವಾಲ್ ಇದನ್ನು ಹಳೆಯ ಬೀದಿಗಳಿಗೆ ತಂದರು. ಫುಟ್‌ಪಾತ್ ಮತ್ತು ರಸ್ತೆಯ ನಡುವಿನ ಅಂಚುಗಲ್ಲನ್ನು ತೆಗೆದು ಇಡೀ ಬೀದಿಯನ್ನು ಒಂದೇ ಮಟ್ಟದ ಇಟ್ಟಿಗೆ ನೆಲ ಮಾಡಿದರು. ಮರ, ಬೆಂಚು, ಹೂಕುಂಡ, ಕಾರು ನಿಲ್ಲುವ ಜಾಗ ಎಲ್ಲವನ್ನೂ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಇಟ್ಟು ನೇರ ನೋಟ ತಪ್ಪಿಸಿದರು. ಮುಂದೇನಿದೆ ಎಂದು ಕಾಣದ ಚಾಲಕ ತಾನಾಗಿಯೇ ನಿಧಾನಿಸುತ್ತಾನೆ. ಎಚ್ಚರಿಕೆಯ ಫಲಕಕ್ಕಿಂತ ಬೀದಿಯ ಆಕಾರವೇ ಅವನಿಗೆ ಹೆಚ್ಚು ಹೇಳುತ್ತದೆ.

1976ರ ಸೆಪ್ಟೆಂಬರಿನಲ್ಲಿ ವೋನ್‌ಎರ್ಫ್ ಕಾನೂನಾಯಿತು. ಅಲ್ಲಿ ನಡೆಯುವವರು ಬೀದಿಯ ಇಡೀ ಅಗಲವನ್ನು ಬಳಸಬಹುದು, ಮಕ್ಕಳು ಆಡಬಹುದು. ಅಂದಿನ ನಿಯಮದಂತೆ ವಾಹನ ನಡಿಗೆಯ ವೇಗ ಮೀರಬಾರದಿತ್ತು, ಗುರುತಿಸಿದ ಜಾಗ ಬಿಟ್ಟು ಬೇರೆಡೆ ನಿಲ್ಲಬಾರದಿತ್ತು. ಮನೆ, ದೊಡ್ಡವರು, ಚೆಂಡಾಡುವ ಮಗು, ಸಣ್ಣ ಕಾರು ಇರುವ ಅದರ ನೀಲಿ ಫಲಕದ ಮಾದರಿ ಯುರೋಪಿನ ಹಲವು ದೇಶಗಳಿಗೆ ಹರಡಿತು. ದೇಶದಲ್ಲಿ ಇಂಥ ಸಾವಿರಾರು ಬೀದಿಗಳಾದವು. ಆದರೆ ಇಡೀ ಬೀದಿಯನ್ನು ಅಗೆದು ಹೊಸದಾಗಿ ಹಾಸುವುದು ದುಬಾರಿ. ಅದಕ್ಕಾಗಿ 1983ರಲ್ಲಿ ಗಂಟೆಗೆ 30 ಕಿ.ಮೀ. ಮಿತಿಯ ವಲಯಗಳಿಗೆ ಅವಕಾಶವಾಯಿತು. ಬಾಯಿಗೊಂದು ಎತ್ತರಿಸಿದ ಪಟ್ಟಿ, ಒಳಗೆ ಅಲ್ಲಲ್ಲಿ ಹಂಪ್, ಕಿರಿದಾದ ಮೂಲೆಗಳು. ಕಡಿಮೆ ಖರ್ಚಿನಲ್ಲಿ ಇಡೀ ಬಡಾವಣೆಯನ್ನು ಆವರಿಸಬಹುದಾದ ಈ ಕ್ರಮವೇ ಮುಂದೆ ಹೆಚ್ಚು ಬಳಕೆಗೆ ಬಂತು. 1992ರಲ್ಲಿ ಅಲ್ಲಿನ ರಸ್ತೆ ಸುರಕ್ಷತಾ ಸಂಶೋಧನಾ ಸಂಸ್ಥೆ 'ಸುಸ್ಥಿರ ಸುರಕ್ಷತೆ' ಎಂಬ ಸಿದ್ಧಾಂತ ಮಂಡಿಸಿತು. ಮನುಷ್ಯ ತಪ್ಪು ಮಾಡಿಯೇ ಮಾಡುತ್ತಾನೆ, ಆ ತಪ್ಪಿಗೆ ಪ್ರಾಣ ತೆರಬೇಕಾಗದಂತೆ ರಸ್ತೆ ಇರಬೇಕು ಎಂಬುದು ಅದರ ಸಾರ. ಇಪ್ಪತ್ತು ವರ್ಷ ಹಿಂದೆ ಹೆತ್ತವರು ಬೀದಿಯಲ್ಲಿ ಕೇಳಿದ್ದನ್ನೇ ತಜ್ಞರು ಈಗ ಸರ್ಕಾರದ ನೀತಿಯ ಭಾಷೆಯಲ್ಲಿ ಬರೆದಿದ್ದರು.

ನ್ಯಾಯಾಲಯಗಳೂ ಇದೇ ದಿಕ್ಕಿಗೆ ಬಂದವು. 1990 ಮತ್ತು 1991ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಎರಡು ತೀರ್ಪುಗಳನ್ನು ನೀಡಿತು. ಅವುಗಳ ಪ್ರಕಾರ 14 ವರ್ಷದೊಳಗಿನ, ನಡೆದು ಅಥವಾ ಸೈಕಲ್ಲಿನಲ್ಲಿ ಹೋಗುವ ಮಗುವಿಗೆ ಮೋಟಾರು ವಾಹನ ಗುದ್ದಿದರೆ, ಮಗುವಿನ ಅಜಾಗರೂಕತೆಯನ್ನು ಮುಂದೊಡ್ಡಿ ವಾಹನದ ಕಡೆಯವರು ಪರಿಹಾರ ಕಡಿಮೆ ಮಾಡುವಂತಿಲ್ಲ. ಮಗು ಓಡಿಬರುತ್ತದೆ ಎಂಬುದನ್ನು ಚಾಲಕ ಮೊದಲೇ ಲೆಕ್ಕಕ್ಕೆ ಹಿಡಿದಿರಬೇಕು. 2010ರ ಹೊತ್ತಿಗೆ ಆ ದೇಶದ ರಸ್ತೆಗಳಲ್ಲಿ ಒಂದು ವರ್ಷದಲ್ಲಿ ಸತ್ತ ಮಕ್ಕಳ ಸಂಖ್ಯೆ 14ಕ್ಕೆ ಇಳಿದಿತ್ತು. ಸುರಕ್ಷಿತ ಕಾರುಗಳು, ಉತ್ತಮ ಆಸ್ಪತ್ರೆಗಳ ಪಾಲೂ ಇದರಲ್ಲಿದೆ. ಆದರೂ 400ರಿಂದ 14ಕ್ಕೆ ಇಳಿದ ಈ ದಾರಿಯಲ್ಲಿ ಬೀದಿಯ ರೂಪ ಬದಲಾದದ್ದರ ಪಾಲು ದೊಡ್ಡದು.

ಬೇರೆ ನಾಡುಗಳಲ್ಲಿ

1970ರ ದಶಕದಲ್ಲಿ ಡೆನ್ಮಾರ್ಕ್ ಮಕ್ಕಳ ರಸ್ತೆ ಅಪಘಾತಗಳಿಗೆ ಪಶ್ಚಿಮ ಯುರೋಪಿನಲ್ಲೇ ಕುಖ್ಯಾತವಾಗಿತ್ತು. 1976ರ ಅಲ್ಲಿನ ಕಾಯ್ದೆ ಶಾಲಾ ದಾರಿಯ ಸುರಕ್ಷತೆಯನ್ನು ಪೊಲೀಸರ ಮತ್ತು ರಸ್ತೆ ಇಲಾಖೆಯ ಹೊಣೆ ಮಾಡಿತು. ಓಡೆನ್ಸೆ ನಗರದವರು ಯಾವ ತಿರುವಿನಲ್ಲಿ ಭಯವಾಗುತ್ತದೆ, ಎಲ್ಲಿ ದಾಟಲು ಕಷ್ಟ ಎಂದು ಮಕ್ಕಳನ್ನೇ ಕೇಳಿ, ಅವರು ನಕ್ಷೆಯಲ್ಲಿ ಗುರುತಿಸಿದ ಜಾಗಗಳನ್ನು ಸರಿಪಡಿಸಿದರು. ಅಪಘಾತ ಆದಮೇಲೆ ಎಣಿಸುವ ಬದಲು ಆಗುವ ಮೊದಲೇ ಮಗುವಿನ ಭಯವನ್ನು ಸಾಕ್ಷಿಯಾಗಿ ತೆಗೆದುಕೊಂಡ ಈ ವಿಧಾನ ಸರಳ, ಅಗ್ಗ, ಇಂದಿಗೂ ಎಲ್ಲಿ ಬೇಕಾದರೂ ನಡೆಸಬಹುದಾದದ್ದು.

ಅಮೆರಿಕದಲ್ಲಿ ನಗರ ವಿನ್ಯಾಸ ತಜ್ಞ ಡೊನಾಲ್ಡ್ ಆಪಲ್‌ಯಾರ್ಡ್ ಸ್ಯಾನ್ ಫ್ರಾನ್ಸಿಸ್ಕೋದ ಮೂರು ಬೀದಿಗಳನ್ನು ಅಧ್ಯಯನ ಮಾಡಿದರು. ದಿನಕ್ಕೆ 2,000 ವಾಹನ ಓಡುವ ಬೀದಿಯ ನಿವಾಸಿಗೆ ಅದೇ ಬೀದಿಯಲ್ಲಿ ಸರಾಸರಿ ಮೂವರು ಗೆಳೆಯರಿದ್ದರೆ, 16,000 ವಾಹನ ಓಡುವ ಬೀದಿಯವನಿಗೆ ಒಬ್ಬನೂ ಸರಿಯಾಗಿ ಇರಲಿಲ್ಲ. 1981ರಲ್ಲಿ ಪ್ರಕಟವಾದ ಅವರ 'ಲಿವಬಲ್ ಸ್ಟ್ರೀಟ್ಸ್' ಪುಸ್ತಕ ನಿವಾಸಿಗಳ ಗುಂಪುಗಳಿಗೆ ದೊಡ್ಡ ಆಧಾರವಾಯಿತು. ಮಾರನೇ ವರ್ಷ ಅವರು ಅಥೆನ್ಸ್‌ನಲ್ಲಿ ವೇಗವಾಗಿ ಬಂದ ಕಾರಿಗೆ ಸಿಕ್ಕಿ ಸತ್ತರು. 2005ರಲ್ಲಿ ಅಮೆರಿಕದ ಒಕ್ಕೂಟ ಸರ್ಕಾರ ಶಾಲೆಯ ಸುರಕ್ಷಿತ ದಾರಿಗಳಿಗೆಂದೇ 61.2 ಕೋಟಿ ಡಾಲರ್ ತೆಗೆದಿಟ್ಟಿತು.

ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ರಸ್ತೆ ಅಗಲೀಕರಣದ ವಿರುದ್ಧ 1980ರ ದಶಕದ ಕೊನೆಗೆ ಎದ್ದ ನಿವಾಸಿಗಳ ಗುಂಪಿನಿಂದ ಡೇವಿಡ್ ಎಂಗ್ವಿಕ್ಟ್ ಮುಂದೆ ಬಂದರು. ದೊಡ್ಡವರೊಬ್ಬರು 'ಚಾಲಕ'ರಾಗಿ, ಗೊತ್ತಾದ ದಾರಿಯಲ್ಲಿ ಮನೆಮನೆಯಿಂದ ಮಕ್ಕಳನ್ನು ಕೂಡಿಸಿಕೊಂಡು ಸಾಲಾಗಿ ಶಾಲೆಗೆ ನಡೆಸಿಕೊಂಡು ಹೋಗುವ 'ನಡಿಗೆ ಬಸ್ಸು' ಅವರ ಕಲ್ಪನೆ. ಮಕ್ಕಳನ್ನು ಕಾರಿನಲ್ಲಿ ಬಿಡುವವರಿಂದಲೇ ಶಾಲೆಯ ಗೇಟಿನ ಮುಂದೆ ಅಪಾಯ ಹೆಚ್ಚುತ್ತದೆಂಬ ಗಮನಿಕೆ ಇದರ ಹಿಂದಿತ್ತು.

ಆ ಗಮನಿಕೆಯೇ 'ಶಾಲಾ ಬೀದಿ' ಎಂಬ ಕ್ರಮಕ್ಕೂ ತಳಪಾಯ. ಇಟಲಿಯ ಬೊಲ್ಜಾನೊ ನಗರ 1989ರ ಸುಮಾರಿಗೆ ಶಾಲೆ ಶುರುವಾಗುವ ಮತ್ತು ಬಿಡುವ ಹೊತ್ತಿನಲ್ಲಿ ಸ್ವಲ್ಪ ಸಮಯ ಮುಂದಿನ ಬೀದಿಗೆ ವಾಹನ ಬಿಡುವುದನ್ನು ನಿಲ್ಲಿಸಿತು. ಬೆಲ್ಜಿಯಂ, ಸ್ಕಾಟ್ಲೆಂಡ್, 2017ರಿಂದ ಲಂಡನ್ನಿನ ಹ್ಯಾಕ್ನಿ ಮತ್ತು ಕ್ಯಾಮ್‌ಡೆನ್ ಇದನ್ನು ಅನುಸರಿಸಿದವು. ಇದಕ್ಕೆ ಬೇಕಾದ್ದು ಒಂದು ಅಡ್ಡಗಟ್ಟೆ ಮತ್ತು ಅದನ್ನು ಇಡಲು, ತೆಗೆಯಲು ಇಬ್ಬರು ಸ್ವಯಂಸೇವಕರು. 2020ರ ಕೋವಿಡ್ ಕಾಲದಲ್ಲಿ ಗೇಟಿನ ಮುಂದೆ ಗುಂಪು ಸೇರದಂತೆ ಜಾಗ ಬೇಕಾದಾಗ ಲಂಡನ್ನಿನಲ್ಲಿ ಇವು ನೂರಾರು ಆದವು. ಬೆಳಗ್ಗೆ ಮಕ್ಕಳನ್ನು ಬಿಡುವ ಹೊತ್ತಿನಲ್ಲಿ ನೈಟ್ರೋಜನ್ ಡೈಆಕ್ಸೈಡ್ ಶೇ. 23ರವರೆಗೆ ಇಳಿದದ್ದು ಅಲ್ಲಿನ ಅಳತೆಯಲ್ಲಿ ಕಂಡಿತು. ಬಾರ್ಸಿಲೋನಾದಲ್ಲಿ ಅದೇ ವರ್ಷದ ಡಿಸೆಂಬರಿನಿಂದ ಹೆತ್ತವರು ಮಕ್ಕಳೊಂದಿಗೆ ಶುಕ್ರವಾರಗಳಂದು ಶಾಲೆಯ ಮುಂದಿನ ರಸ್ತೆಗಿಳಿದು ಸಂಚಾರ ತಡೆದರು. ಪ್ಯಾರಿಸ್ ಮಾತ್ರ ತಾತ್ಕಾಲಿಕ ತಡೆಯಲ್ಲಿ ನಿಲ್ಲದೆ ಶಾಲೆಗಳ ಮುಂದಿನ ಹಲವು ಬೀದಿಗಳನ್ನು ಶಾಶ್ವತವಾಗಿ ಮುಚ್ಚಿ ಗಿಡ ನೆಟ್ಟಿತು.

ವಿರೋಧ ಎಲ್ಲ ಕಡೆಯೂ ಇತ್ತು. ಒಂದು ಬೀದಿ ಮುಚ್ಚಿದರೆ ವಾಹನ ಪಕ್ಕದ ಬೀದಿಗೆ ನುಗ್ಗುತ್ತದೆ, ಆಂಬುಲೆನ್ಸ್ ತಡವಾಗುತ್ತದೆ, ಅಂಗಡಿಗೆ ಗಿರಾಕಿ ಬರುವುದಿಲ್ಲ ಎಂಬ ದೂರುಗಳಲ್ಲಿ ಮೊದಲನೆಯದಕ್ಕೆ ಹೆಚ್ಚು ತೂಕವಿದೆ. ಸ್ಥಿತಿವಂತರ, ಸಂಘಟಿತರ ಬೀದಿ ನೆಮ್ಮದಿಯಾಗಿ, ದನಿಯಿಲ್ಲದವರ ಬೀದಿ ವಾಹನಗಳ ಪಾಲಾದದ್ದುಂಟು. ಒಂದೊಂದೇ ಬೀದಿ ಬಿಟ್ಟು ಇಡೀ ಬಡಾವಣೆಯನ್ನು ವಲಯ ಮಾಡಬೇಕೆಂಬ ಪಾಠ ಕಲಿತದ್ದು ಇಂಥ ಅನುಭವದಿಂದಲೇ.

ಹಂಪ್ ಮತ್ತು ಕರ್ನಾಟಕ

ಈ ಚಳವಳಿಯ ಸಲಕರಣೆಗಳಲ್ಲಿ ಕನ್ನಡಿಗರಿಗೆ ಅತಿ ಪರಿಚಿತವಾದದ್ದು ಹಂಪ್. 1970ರ ದಶಕದ ಆರಂಭದಲ್ಲಿ ಬ್ರಿಟನ್ನಿನ ಸಾರಿಗೆ ಸಂಶೋಧನಾ ಪ್ರಯೋಗಾಲಯದಲ್ಲಿ ಜಿ. ಆರ್. ವಾಟ್ಸ್ ಬೇರೆ ಬೇರೆ ಅಳತೆಯ ಉಬ್ಬುಗಳ ಮೇಲೆ ವಾಹನ ಓಡಿಸಿ, 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರದ ದುಂಡು ಹಂಪ್ ಸರಿಯಾದದ್ದೆಂದು ಕಂಡುಕೊಂಡರು. ನಿಧಾನವಾಗಿ ಹೋದರೆ ಇದು ಮೆತ್ತಗೆ ಏರಿ ಇಳಿಯುತ್ತದೆ, ವೇಗವಾಗಿ ಹೋದರೆ ಮಾತ್ರ ಎತ್ತಿಹಾಕುತ್ತದೆ. ಭಾರತೀಯ ರಸ್ತೆ ಕಾಂಗ್ರೆಸ್ 1988ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲೂ ಗಂಟೆಗೆ 25 ಕಿ.ಮೀ. ವೇಗಕ್ಕೆ ಇದೇ ಅಳತೆ ಇತ್ತು. ಮುಂಚಿತ ಎಚ್ಚರಿಕೆ ಫಲಕ, ಹಂಪ್ ಮೇಲೆ ಕಾಣುವಂಥ ಬಣ್ಣದ ಪಟ್ಟಿ ಇರಬೇಕೆಂದೂ ಅದು ಹೇಳಿತ್ತು.

ಕರ್ನಾಟಕದ ಊರುಗಳಲ್ಲಿ ಹಂಪ್ ಬರುವ ಬಗೆ ಪತ್ರಿಕೆಗಳ ಜಿಲ್ಲಾ ಪುಟ ಓದುವ ಎಲ್ಲರಿಗೂ ಗೊತ್ತು. ಶಾಲೆಯ ಮುಂದೆ ಮಗುವೊಂದು ಲಾರಿಗೋ ಬಸ್ಸಿಗೋ ಸಿಗುತ್ತದೆ. ಗ್ರಾಮಸ್ಥರು ರಸ್ತೆ ತಡೆ ನಡೆಸುತ್ತಾರೆ. ಅಧಿಕಾರಿಗಳು ಸ್ಥಳಕ್ಕೆ ಬಂದು ಭರವಸೆ ಕೊಡುತ್ತಾರೆ. ರಾತ್ರೋರಾತ್ರಿ ಡಾಂಬರಿನ ದಿಬ್ಬವೊಂದು ಏಳುತ್ತದೆ. ಅಳತೆಯಿಲ್ಲದೆ, ಬಣ್ಣವಿಲ್ಲದೆ ಎದ್ದ ಆ ದಿಬ್ಬಕ್ಕೆ ಬೈಕ್ ಸವಾರರು ಬೀಳುತ್ತಾರೆ, ಕೆಲವು ತಿಂಗಳಲ್ಲಿ 'ಅವೈಜ್ಞಾನಿಕ ಹಂಪ್' ತೆರವುಗೊಳಿಸಿ ಎಂಬ ಇನ್ನೊಂದು ಮನವಿ ಹೋಗುತ್ತದೆ. ರಸ್ತೆ ತಡೆದ ಆ ಜನರ ಸಿಟ್ಟು 1972ರ ನೆದರ್‌ಲ್ಯಾಂಡ್ಸ್‌ನ ಡಚ್ ಹೆತ್ತವರ ಸಿಟ್ಟಿನಷ್ಟೇ ನ್ಯಾಯವಾದದ್ದು. ಡಚ್ಚರಿಗೆ ಸಿಕ್ಕಿದ್ದು, ಇವರಿಗೆ ಸಿಗದೆ ಹೋದದ್ದು, ಪಕ್ಕದಲ್ಲಿ ಕೂತು ನಕ್ಷೆ ಬರೆಯುವ ಎಂಜಿನಿಯರ್.

2017ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ರಸ್ತೆ ಸುರಕ್ಷತೆ ಕುರಿತು ನೀಡಿದ ನಿರ್ದೇಶನಗಳಲ್ಲಿ ಪ್ರತಿ ಜಿಲ್ಲೆಯಲ್ಲೂ ರಸ್ತೆ ಸುರಕ್ಷತಾ ಸಮಿತಿ ಇರಬೇಕು, ಅಪಾಯದ ಜಾಗಗಳಲ್ಲಿ ವೇಗ ತಗ್ಗಿಸುವ ಕ್ರಮ ಕೈಗೊಳ್ಳಬೇಕು ಎಂಬವೂ ಸೇರಿವೆ. 2020ರ ಫೆಬ್ರುವರಿಯಲ್ಲಿ ಸ್ಟಾಕ್‌ಹೋಮ್‌ನಲ್ಲಿ ಸೇರಿದ ರಸ್ತೆ ಸುರಕ್ಷತೆಯ ಜಾಗತಿಕ ಸಮ್ಮೇಳನ, ನಡೆಯುವವರೂ ವಾಹನಗಳೂ ಬೆರೆಯುವ ಜಾಗಗಳಲ್ಲಿ ಗರಿಷ್ಠ ವೇಗ ಗಂಟೆಗೆ 30 ಕಿ.ಮೀ. ಇರಬೇಕೆಂದು ಘೋಷಿಸಿತು. ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಯಲ್ಲಿ ಪೊಲೀಸ್, ಲೋಕೋಪಯೋಗಿ, ಸಾರಿಗೆ ಇಲಾಖೆಗಳು ಒಂದೇ ಮೇಜಿನ ಸುತ್ತ ಕೂರುತ್ತವೆ. ಶಾಲಾಭಿವೃದ್ಧಿ ಸಮಿತಿಯಾಗಲಿ ಗ್ರಾಮಸ್ಥರಾಗಲಿ, ಮಕ್ಕಳು ದಾಟುವ ಜಾಗಗಳನ್ನು ಗುರುತಿಸಿದ ನಕ್ಷೆಯೊಂದಿಗೆ ಅರ್ಜಿ ಕೊಡುವುದಾದರೆ ಅಪಘಾತ ಆಗುವ ಮೊದಲೇ ಕೊಡಬಹುದಾದ ಜಾಗ ಅದು.